ಕಡಿಮೆ ಗಾಳಿಯಲ್ಲಿ ಬೆಳೆದ ಜೀವ

ಮದುವೆಯಾಗಿ ಬಹಳ ವರ್ಷ ಮಕ್ಕಳಾಗದೆ, ಕೊನೆಗೆ ನಾನೂ ನನ್ನ ಗಂಡನೂ ನರೇಗಲ್ಲಿನಿಂದ ಹುಬ್ಬಳ್ಳಿಯ ದವಾಖಾನೆಗೆ ಓಡಾಡತೊಡಗಿದೆವು. ಮೊದಲ ಸಲ ದೇಹದ ಹೊರಗೆ, ಅಲ್ಲಿನ ಪ್ರಯೋಗಾಲಯದಲ್ಲಿ ಬೆಳೆಸಿದ ನಮ್ಮ ಭ್ರೂಣಗಳು ಅರ್ಧಕ್ಕೇ ನಿಂತುಹೋದವು. ಎರಡನೆಯ ಸಲ ಅತ್ತೆ ಹಟ ಹಿಡಿದು ಜೊತೆಗೆ ಬಂದರು.

ಭ್ರೂಣಗಳನ್ನು ನೋಡಿಕೊಳ್ಳುವ ಡಾಕ್ಟರಮ್ಮ, "ಈ ಸಲ ಬ್ಯಾರೆ ಪೆಟ್ಟಿಗಿಯೊಳಗ ಬೆಳಸ್ತೀವ್ರಿ. ಅದರಾಗ ಆಕ್ಸಿಜನ್ ಭಾಳ ಕಡಿಮಿ. ಹೊರಗಿನ ಗಾಳಿಯೊಳಗ ಇರೋದರ ಕಾಲು ಭಾಗ ಅಷ್ಟ," ಎಂದರು.

ಅತ್ತೆ ಗಾಬರಿಯಾದರು. "ಅಯ್ಯ, ಕೂಸಿಗೆ ಉಸಿರು ಕಟ್ಟಂಗಿಲ್ಲೇನ್ರಿ?"

"ಇಲ್ರಿ ಅಮ್ಮಾರ. ತಾಯಿ ಹೊಟ್ಟಿಯೊಳಗೂ ಅಷ್ಟ ಇರ್ತದ. ಹೆಚ್ಚಾದ್ರನ ಅದಕ್ಕ ತ್ರಾಸ."

"ಹಂಗಾರ ಆ ಪೆಟ್ಟಿಗೀನೂ ಒಂದು ಹೊಟ್ಟಿನ ಅನ್ರಿ!" ಎಂದು ಅತ್ತೆ ನಕ್ಕಾಗ ನನಗೂ ಧೈರ್ಯ ಬಂತು.

ಕೆಲವು ದಿನಗಳ ಮೇಲೆ ಬೆಳಿಗ್ಗೆ, ಅತ್ತೆ ರೊಟ್ಟಿ ಬಡಿಯುತ್ತಿದ್ದಾಗ ಡಾಕ್ಟರಮ್ಮನ ಫೋನ್ ಬಂತು. "ಎರಡು ಪೂರಾ ಬೆಳದಾವ್ರಿ, ಭಾಳ ಚಲೋ ಅದಾವ. ಲಗೂನ ಬರ್ರಿ."

ನಾನು ಕಿರುಚಿದೆ. ಗಂಡ ಅಂಗಡಿ ಮುಚ್ಚಿ ಓಡಿಬಂದರು. ಹಂಚಿನ ಮೇಲಿನ ರೊಟ್ಟಿ ಕರಕಾದದ್ದನ್ನು ಯಾರೂ ನೋಡಲಿಲ್ಲ. ಗದಗ ದಾಟುವವರೆಗೂ ಕಾರಿನಲ್ಲಿ ಮೂವರೂ ಒಟ್ಟಿಗೇ ಮಾತಾಡುತ್ತಿದ್ದೆವು.

ದವಾಖಾನೆಯಲ್ಲಿ ಡಾಕ್ಟರಮ್ಮ, ಎರಡರಲ್ಲಿ ಅಂದು ನನ್ನ ಗರ್ಭಕ್ಕೆ ಸೇರಿಸಲಿದ್ದ ಭ್ರೂಣವನ್ನು ಪರದೆಯ ಮೇಲೆ ತೋರಿಸಿದರು. ದುಂಡಗೆ, ಹೊಳೆಯುತ್ತ, ತುಂಬಿಕೊಂಡಿತ್ತು.

"ಆ ಪೆಟ್ಟಿಗಿಯಿಂದನ ಹಿಂಗಾತೇನ್ರಿ?" ಎಂದು ಕೇಳಿದೆ.

"ಅದೊಂದರಿಂದನ ಅನ್ನಾಕ ಬರಂಗಿಲ್ಲ. ಆದ್ರ ಅದರ ಸಹಾಯ ಖರೇ ಆಗಿರಬೇಕು," ಎಂದರು.

ದಿನ ತುಂಬಿ ಮಗಳು ಹುಟ್ಟಿದ ಕೂಡಲೇ ಎಷ್ಟು ಜೋರಾಗಿ ಅತ್ತಳೆಂದರೆ, ಹೊರಗೆ ಕೂತಿದ್ದ ಅತ್ತೆ ಬಾಗಿಲು ಬಡಿಯತೊಡಗಿದರು.