ಮಾತ್ರೆ ಮೆನ್ನಾಳ ಅಕ್ಟೋಬರ್

ವೇಲ್ಸ್‌ನ ನಮ್ಮ ಕೂಮ್ ಹೆಲಿಗ್ ಕಣಿವೆಯಲ್ಲಿ ಅಪ್ಪ ಅಮ್ಮ ಇಟ್ಟ ಹೆಸರು ಪ್ರಾರ್ಥನಾಮಂದಿರದ ರಿಜಿಸ್ಟರಿಗೆ ಮಾತ್ರ ಸಲ್ಲುತ್ತದೆ. ಊರು ಕರೆಯುವುದು ಕಸುಬು ಹಿಡಿದು. ಔಷಧಿ ಅಂಗಡಿಯ ಬೆಬ್ ಸಾಹೇಬರು ಮೊದಲೇ 'ಮಾತ್ರೆ ಬೆಬ್' ಆಗಿದ್ದರಿಂದ ಅವರ ಮಗಳು ತೊಟ್ಟಿಲಲ್ಲೇ 'ಮಾತ್ರೆ ಮೆನ್ನಾ' ಆದಳು. ಕಾರ್ಡಿಫ್‌ಗೆ ಹೋಗಿ ಔಷಧಶಾಸ್ತ್ರ ಓದಿ ವಾಪಸು ಬಂದು ಅಪ್ಪನ ಕೌಂಟರಿನ ಹಿಂದೆ ನಿಂತದ್ದು ಆ ಹೆಸರು ದಂಡವಾಗದಿರಲಿ ಎಂದೇ, ಅಂತ ಊರಿನವರು ಈಗಲೂ ನಗಾಡುತ್ತಾರೆ.

ಈ ಕಥೆ ನಡೆದಾಗ ಅವಳಿಗೆ ಅರವತ್ತೆರಡು. ಗುಂಗುರು ಬಿಳಿಕೂದಲು, ದಾರದಲ್ಲಿ ಕಟ್ಟಿ ಕೊರಳಿಗೆ ಇಳಿಬಿಟ್ಟ ಕನ್ನಡಕ, ಸಣ್ಣ ಬಾಯಿ, ಆದರೆ ಅದರಿಂದ ಹೊರಡುವ ಮಾತು ಸಣ್ಣದಲ್ಲ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆಲ್ಲ ಅವಳದು ಒಂದೇ ಉತ್ತರ. "ಯಾವ ಡಾಕ್ಟ್ರೂ ಚೀಟಿ ಬರ್ಕೊಡ್ಲಿಲ್ಲ. ಚೀಟಿ ಇಲ್ದೆ ಈ ಅಂಗಡೀಲಿ ನಾನು ಏನೂ ಕೊಡೋದೂ ಇಲ್ಲ, ತಗೊಳ್ಳೋದೂ ಇಲ್ಲ."

ಅಪ್ಪ ಅವಳಿಗೆ ಅಂಗಡಿಯ ಜೊತೆಗೆ ಒಂದು ಕಟ್ಟಳೆಯನ್ನೂ ಬಿಟ್ಟುಹೋಗಿದ್ದ. ಕೌಂಟರಿನ ಆಚೆ ನಿಂತವರಿಗೆ ಸುಳ್ಳು ಹೇಳಕೂಡದು. ಮಾತ್ರೆ ಕೊಡುವ ಕೈಯನ್ನು ಜನ ಕಣ್ಣುಮುಚ್ಚಿ ನಂಬುತ್ತಾರೆ, ಆ ಕೈಯ ಹಿಂದಿನ ಬಾಯಿ ಒಮ್ಮೆ ಸುಳ್ಳಾಡಿದರೆ ಅಂಗಡಿಯಲ್ಲಿರುವುದೆಲ್ಲ ಬರೀ ಸುಣ್ಣದ ಗುಳಿಗೆ ಎನ್ನುತ್ತಿದ್ದ. ಮೆನ್ನಾ ಮೂವತ್ತೆಂಟು ವರ್ಷ ಈ ಮಾತನ್ನು ಪಾಲಿಸಿಕೊಂಡು ಬಂದಳು. ಹಾಗೆ ಪಾಲಿಸಿದ್ದರಿಂದಲೇ ಅವಳಿಗೆ ಕಷ್ಟ ಬಂತು.

ವೇಲ್ಸ್‌ನಲ್ಲಿ ಔಷಧಿಗೆ ರೋಗಿ ಬಿಡಿಗಾಸು ಬಿಚ್ಚಬೇಕಿಲ್ಲ. ಡಾಕ್ಟರು ಹಸಿರು ಚೀಟಿ ಬರೆಯುತ್ತಾರೆ, ಅಂಗಡಿಯವಳು ಮಾತ್ರೆ ಕೊಡುತ್ತಾಳೆ. ತಿಂಗಳು ಮುಗಿದ ಮೇಲೆ ಚೀಟಿಗಳನ್ನೆಲ್ಲ ಕಟ್ಟಿ ಕಳಿಸಿದರೆ ಸರ್ಕಾರ ತನ್ನ ದರಪಟ್ಟಿಯ ಪ್ರಕಾರ ಅವಳಿಗೆ ದುಡ್ಡು ಕೊಡುತ್ತದೆ. ಕೇಳುವುದಕ್ಕೆ ಎಷ್ಟು ಚೆಂದ! ಆದರೆ ಜೆನರಿಕ್ ಮಾತ್ರೆಗಳ ಬೆಲೆ ಸಗಟು ಪೇಟೆಯಲ್ಲಿ ದಿನಕ್ಕೊಂದು ಥರ ಕುಣಿಯುತ್ತದೆ, ದರಪಟ್ಟಿ ಬರೆಯುವವರು ಮಾತ್ರ ಕುರ್ಚಿ ಬಿಟ್ಟು ಏಳುವುದಿಲ್ಲ. ಆ ವರ್ಷ ಹೃದಯದ ಒಂದು ಮಾತ್ರೆಯ ಡಬ್ಬಕ್ಕೆ ಮೆನ್ನಾ ಕೊಡುತ್ತಿದ್ದದ್ದು ನಾಲ್ಕು ಪೌಂಡು, ಸರ್ಕಾರ ಅವಳಿಗೆ ಕೊಡುತ್ತಿದ್ದದ್ದು ಒಂದು ಪೌಂಡು ಚಿಲ್ಲರೆ. ತಿಂಗಳ ಕೊನೆಗೆ ಮೇಲಿನವರಿಗೆ ಕರುಣೆ ಬಂದರೆ, 'ಈ ತಿಂಗಳು ಕೊಟ್ಟ ಇಂಥ ಮಾತ್ರೆಗೆ ಇಷ್ಟು ಹೆಚ್ಚಿನ ದರ' ಎಂದು ಪ್ರಕಟಿಸುವುದೂ ಉಂಟು. ಆ ದರ ಆ ಒಂದು ತಿಂಗಳಿಗೆ ಮಾತ್ರ. ಮುಂದಿನ ತಿಂಗಳು ಮತ್ತೆ ಆಕಾಶ ನೋಡಬೇಕು.

ಬೇರೆ ಊರುಗಳ ಅಂಗಡಿಯವರು ಇಂಥ ಮಾತ್ರೆಗೆ ಚೀಟಿ ಬಂದರೆ "ಸ್ಟಾಕ್ ಇಲ್ಲ" ಎಂದು ಸಾಗಹಾಕುತ್ತಿದ್ದರು. ಅವರನ್ನು ದೂರುವುದು ಹೇಗೆ, ಅವರಿಗೂ ಹೊಟ್ಟೆಪಾಡು. ಮೆನ್ನಾಳಿಗೆ ಆ ಎರಡು ಪದ ಬಾಯಿಂದ ಹೊರಡಲಿಲ್ಲ. ಕೇಳಿದವರಿಗೆಲ್ಲ ಕೊಟ್ಟಳು, ಕೊಟ್ಟಷ್ಟೂ ಕೈ ಸುಟ್ಟುಕೊಂಡಳು. ಹೀಗೇ ನಡೆದರೆ ಕ್ರಿಸ್‌ಮಸ್‌ಗೆ ಬಾಗಿಲು ಎಳೆಯಬೇಕಾಗುತ್ತದೆ ಎಂದು ಲೆಕ್ಕಪರಿಶೋಧಕ ಫೋನಿನಲ್ಲಿ ಹೇಳಿದ ದಿನ, ಒಂದು ದೊಡ್ಡ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದು ಕಿಟಕಿ ಗಾಜಿಗೆ ಅಂಟಿಸಿದಳು. 'ಕೆಳಗಿನ ಏಳು ಮಾತ್ರೆಗಳಲ್ಲಿ ಪ್ರತಿ ಡಬ್ಬಕ್ಕೂ ನಮಗೆ ನಷ್ಟ. ಹೀಗೇ ಆದರೆ ಈ ಅಂಗಡಿ ಉಳಿಯುವುದಿಲ್ಲ. ದಯವಿಟ್ಟು ಒಳಗೆ ಬಂದು ಅರ್ಜಿಗೆ ಸಹಿ ಹಾಕಿ.' ಕೆಳಗೆ ಏಳೂ ಹೆಸರು.

ಬರೆದದ್ದೆಲ್ಲ ನಿಜ. ಒಂದಕ್ಷರವೂ ಸುಳ್ಳಿರಲಿಲ್ಲ.

ಸಹಿ ಹಾಕಲು ಊರಿಗೆ ಊರೇ ಬಂತು. ಸೆಪ್ಟೆಂಬರ್ ಹನ್ನೆರಡರಂದು ಇಡ್ವಾಲ್ ಪ್ರೋಬರ್ಟ್ ಬಂದ. ಎಪ್ಪತ್ತೊಂಬತ್ತರ ಮುದುಕ, ಮೂವತ್ತು ವರ್ಷ ಕಲ್ಲಿದ್ದಲು ಗಣಿಯೊಳಗೆ ಕಳೆದವನು, ಊರಿನ ಗಾಯನ ತಂಡದಲ್ಲಿ ಮೆನ್ನಾಳ ಅಪ್ಪನ ಪಕ್ಕದಲ್ಲೇ ನಿಂತು ಹಾಡುತ್ತಿದ್ದವನು. ಎದೆಯಲ್ಲಿ ಗಣಿಯ ಧೂಳು, ಮೇಲೆ ಹೃದಯದ ಕಾಯಿಲೆ. ಅವಳು ಹುಟ್ಟಿದಾಗಿನಿಂದ ಅವನು ಅವಳಿಗೆ ಇಡ್ವಾಲ್ ಮಾಮ. ತಿಂಗಳ ಮಾತ್ರೆ ಜೇಬಿಗೆ ಹಾಕಿಕೊಂಡು ಕಿಟಕಿಯ ಹಾಳೆಯನ್ನು ಬೆರಳಿಟ್ಟು ಓದಿದ.

"ನಂದೂ ಇದೆಯಲ್ಲೇ ಇದ್ರಲ್ಲಿ!"

"ನಾಲ್ಕನೇದು. ನಿಂದೊಂದೇ ಅಲ್ಲ ಮಾಮ, ಊರಲ್ಲಿ ತೊಂಬತ್ತು ಜನ ತಿಂತಾರೆ."

"ಅಂದ್ರೆ ನಾನು ಖಾಲಿ ಮಾಡೋ ಒಂದೊಂದು ಡಬ್ಬಕ್ಕೂ ನಿನ್ನ ಕೈಯಿಂದ ಹೋಗುತ್ತಾ?"

"ಹೋಗುತ್ತೆ. ಅದ್ಕೇ ಸಹಿ ಹಾಕು ಅಂದಿದ್ದು. ಹಾಕಿ ಮನೆಗೆ ಹೋಗು, ಹಿಂದೆ ಜನ ಕಾಯ್ತಿದಾರೆ."

ಅವನು ಪೆನ್ನು ಒತ್ತಿ, ಹಾಳೆ ಹರಿಯುವ ಹಾಗೆ ಸಹಿ ಹಾಕಿದ. ಹೋಗುವಾಗ ಎಂದಿನ ಹಾಗೆ ತಮಾಷೆ ಮಾಡಲಿಲ್ಲ. ಅವಳು ಅದನ್ನು ಗಮನಿಸಿದಳು, ಆಮೇಲೆ ಮರೆತಳು.

ಅಕ್ಟೋಬರಿನಲ್ಲಿ ಅಂಗಡಿ ತಣ್ಣಗಾಯಿತು. ಕೆಮ್ಮಿನ ಔಷಧಿಗೆ, ಮಂಡಿನೋವಿನ ಮುಲಾಮಿಗೆ ಜನ ಬಂದರು. ಆ ಏಳು ಮಾತ್ರೆ ಕೇಳುವವರು ಮಾತ್ರ ಕಡಿಮೆಯಾದರು. ಡಾಕ್ಟರುಗಳೇ ಬೇರೆ ಮಾತ್ರೆ ಬರೆಯಲು ಶುರುಮಾಡಿರಬೇಕು ಎಂದುಕೊಂಡಳು ಮೆನ್ನಾ. ವಿಚಾರಿಸಲಿಲ್ಲ. ವಿಚಾರಿಸದಿದ್ದದ್ದು ಯಾಕೆಂದರೆ ಅವಳಿಗೆ ಹಾಯೆನಿಸಿತ್ತು. ಒಳ್ಳೆಯವಳೆಂದು ಇದನ್ನು ಮುಚ್ಚಿಡುವುದು ಬೇಡ. ನಷ್ಟದ ಡಬ್ಬಗಳು ಕಪಾಟಿನಲ್ಲೇ ಕೂತಿದ್ದನ್ನು ನೋಡಿ ಆ ತಿಂಗಳು ಅವಳು ನೆಮ್ಮದಿಯಾಗಿ ನಿದ್ದೆ ಮಾಡಿದಳು.

ಮೂವತ್ತೊಂದರ ಬೆಳಿಗ್ಗೆ ಕಂಪ್ಯೂಟರಿನಲ್ಲಿ ಪ್ರಕಟಣೆ ಬಂತು. ನಾಲ್ಕನೇ ಮಾತ್ರೆಗೆ ಅಕ್ಟೋಬರ್ ತಿಂಗಳ ವಿಶೇಷ ದರ, ಡಬ್ಬಕ್ಕೆ ನಾಲ್ಕೂವರೆ ಪೌಂಡು. ಮೆನ್ನಾ "ಅಯ್ಯೋ ದೇವರೇ" ಎಂದು ಗಟ್ಟಿಯಾಗಿಯೇ ಅಂದಳು. ಚಹಾ ಮಾಡಿಕೊಂಡು, ಒಣದ್ರಾಕ್ಷಿ ಹಾಕಿ ಕಾವಲಿಯ ಮೇಲೆ ಸುಟ್ಟ ಸಿಹಿ ರೊಟ್ಟಿ ಎರಡು ತಟ್ಟೆಗಿಟ್ಟುಕೊಂಡು, ಹಬ್ಬಕ್ಕೆ ಕೂತ ಹಾಗೆ ಕೂತು, ತಿಂಗಳ ಹಸಿರು ಚೀಟಿಗಳಿಂದ ನಾಲ್ಕನೇ ಮಾತ್ರೆಯವನ್ನು ಆರಿಸತೊಡಗಿದಳು.

ಒಂಬತ್ತು ಸಿಕ್ಕವು.

ಮತ್ತೆ ಹುಡುಕಿದಳು. ಒಂಬತ್ತೇ. ಮೊದಲು ಅವಳಿಗೆ ಸಿಟ್ಟು ಬಂತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಆಮೇಲೆ ಔಷಧಿ ಅಂಗಡಿಯವಳ ಬುದ್ಧಿ ಎಚ್ಚರವಾಯಿತು. ಇದು ಒಂದು ದಿನವೂ ಬಿಡಬಾರದ ಮಾತ್ರೆ. ಇಲ್ಲಿ ತಗೊಂಡಿಲ್ಲವೆಂದರೆ ಎಂಬತ್ತು ಜನ ಎಲ್ಲಿ ತಗೊಂಡರು? ತಗೊಂಡರೋ ಇಲ್ಲವೋ?

ಆ ಹೊತ್ತಿಗೆ ಸರಿಯಾಗಿ ಓಲ್ವೆನ್ ಟ್ರಿಹಾರ್ನ್ ಕೆಮ್ಮಿನ ಗುಳಿಗೆಗೆ ಬಂದಳು. ಎಪ್ಪತ್ತರ ಹೆಂಗಸು. ಸಾವಿರದ ಒಂಬೈನೂರ ಎಂಬತ್ನಾಲ್ಕರ ಗಣಿ ಮುಷ್ಕರದಲ್ಲಿ ಇಡೀ ಕಣಿವೆಗೆ ಅಡುಗೆ ಮಾಡಿ ಬಡಿಸಿದ ಗುಂಪಿನ ಮುಂದಾಳು. ಆಗ ಹಿಡಿದ ಸೌಟನ್ನು ಇನ್ನೂ ಕೆಳಗಿಟ್ಟಿಲ್ಲ ಎನ್ನಬೇಕು, ಊರಿನ ಯಾವ ಕೆಲಸವೂ ಅವಳಿಲ್ಲದೆ ನಡೆಯುವುದಿಲ್ಲ.

"ಓಲ್ವೆನ್, ಜನ ಎಲ್ಲೇ? ನಾಲ್ಕನೇ ಮಾತ್ರೆಯವ್ರು?"

ಓಲ್ವೆನ್ ನಗು ತಡೆಯಲಾರದೆ ಕೌಂಟರಿಗೆ ಒರಗಿದಳು. "ಗೊತ್ತಾಗೋಯ್ತಾ? ನಿಂಗೆ ಹೇಳ್ಬಾರ್ದು ಅಂತ ಊರ ಕ್ಲಬ್ಬಲ್ಲಿ ಎಲ್ಲಾ ಆಣೆ ಮಾಡಿದ್ವಿ. ನಿಂಗೆ ನಷ್ಟ ಆಗೋ ಮಾತ್ರೆ ನಿನ್ನ ಹತ್ರ ತಗೋಬಾರ್ದು ಅಂತ ಠರಾವು. ಪ್ರತಿ ಮಂಗಳವಾರ ಚೀಟಿ ಎಲ್ಲಾ ನನ್ನ ಬಿಸ್ಕತ್ ಡಬ್ಬೀಲಿ ಹಾಕ್ಕೊಂಡು, ಬಸ್ಸಲ್ಲಿ ಪೇಟೆಯ ಆ ದೊಡ್ಡ ಔಷಧಿ ಅಂಗಡಿಗೆ ಹೋಗ್ತೀವಿ. ನಷ್ಟ ಆಗೋದಾದ್ರೆ ಅವ್ರಿಗಾಗ್ಲಿ, ಅವ್ರ ಹತ್ರ ದುಡ್ಡು ಕೊಳೀತಾ ಬಿದ್ದಿದೆ. ನೀನು ಮುಳುಗ್ತಾ ಇದ್ರೆ ನಾವು ದಡದಲ್ಲಿ ನೋಡ್ಕೊಂಡು ನಿಂತಿರ್ತೀವಾ?"

ಹನ್ನೊಂದು ಮೈಲಿ. ಅದೂ ಬೆಟ್ಟ ಬಳಸಿಕೊಂಡು ಹೋಗುವ ಬಸ್ಸು. ಪ್ರಕಟಣೆಯ ವಿಷಯ ಹೇಳಬೇಕೆಂದು ಬಾಯಿ ತೆರೆದ ಮೆನ್ನಾ ತಟ್ಟನೆ ಬೇರೆಯೇ ಕೇಳಿದಳು. "ಇಡ್ವಾಲ್ ಮಾಮನ ಚೀಟಿ? ಅದೂ ಡಬ್ಬೀಲಿತ್ತಾ?"

"ಅವನು ಕೊಡ್ಲಿಲ್ಲ ಕಣೇ. ಬೆಬ್ ಅಂಗಡಿ ಬಿಟ್ಟು ಬೇರೆಯವ್ರ ಮಾತ್ರೆ ಮುಟ್ಟಲ್ಲ ಅಂದ. ನನ್ನ ಹತ್ರ ಬೇಕಾದಷ್ಟಿದೆ, ನೀವು ಹೋಗ್ಬನ್ನಿ ಅಂದ."

"ಬೇಕಾದಷ್ಟಾ? ಇಪ್ಪತ್ತೆಂಟು ಎಣಿಸಿ ಕೊಟ್ಟೋಳು ನಾನು! ಇವತ್ತಿಗೆ ನಲವತ್ತೊಂಬತ್ತು ದಿನ!"

ಓಲ್ವೆನ್ ಮುಖದ ನಗು ಇಳಿಯಿತು. ಮೆನ್ನಾ ಕಪಾಟಿನಿಂದ ಒಂದು ಡಬ್ಬ ಕಿತ್ತುಕೊಂಡು, "ಬಾಗಿಲು ಹಾಕ್ಕೋ" ಎಂದು ಕೂಗಿ, ಬಿಳಿ ಕೋಟಿನಲ್ಲೇ ಜಿಟಿಜಿಟಿ ಮಳೆಗೆ ಬಿದ್ದು ಓಡಿದಳು.

ಇಡ್ವಾಲನ ಮನೆ ಗುಡ್ಡದ ಮೇಲಿನ ಮನೆಸಾಲಿನಲ್ಲಿ, ತೊಂಬತ್ತು ಮೆಟ್ಟಿಲು. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಒಲೆಯ ಮುಂದಿನ ಕುರ್ಚಿಯಲ್ಲಿ ಕೂತಿದ್ದ. ಮುಖ ಬೂದಿ ಬಣ್ಣ, ಕಾಲು ಚಪ್ಪಲಿಗೆ ಹಿಡಿಸದಷ್ಟು ಊದಿತ್ತು. ಉಸಿರು ಎಳೆದರೆ ಸಿಳ್ಳೆಯ ಸದ್ದು. ಒಲೆಯ ಮೇಲಿನ ಹಲಗೆಯಲ್ಲಿ ಮಾತ್ರೆಯ ಡಬ್ಬ, ಅದರೊಳಗೆ ಮೂರು ಮಾತ್ರೆ.

"ಮಾಮ, ಏನ್ ಮಾಡ್ಕೊಂಡೆ?"

"ದಿನ ಬಿಟ್ಟು ದಿನ ತಗೊಂಡೆ ಕಣೇ." ಪ್ರತಿ ಮಾತಿಗೂ ನಿಂತು ಉಸಿರು ಕೂಡಿಸಿಕೊಂಡ. "ಗಣೀಲಿ ಕೆಲ್ಸ ಕಮ್ಮಿ ಆದಾಗ ಅರ್ಧ ಪಾಳಿ ಮಾಡ್ತಿರ್ಲಿಲ್ವಾ, ಹಂಗೆ. ಹೃದಯಕ್ಕೂ ಅರ್ಧ ಪಾಳಿ."

"ತಲೆ ನೆಟ್ಟಗಿದೆಯಾ ನಿಂಗೆ?" ಆಂಬುಲೆನ್ಸಿಗೆ ಫೋನು ಮಾಡುತ್ತಲೇ ಅವಳು ಕಿರುಚಿದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು. "ಯಾರು ಹೇಳಿದ್ರು ನಿಂಗೆ ಹಿಂಗ್ ಮಾಡು ಅಂತ?"

"ನೀನೇ ಬರೆದು ಅಂಟಿಸಿದ್ದೆಯಲ್ಲೇ." ಬೈಗುಳದ ದನಿಯಲ್ಲ, ಮಗುವಿಗೆ ತಿಳಿಸಿ ಹೇಳುವ ದನಿ. "ಗಣಿ ಮುಚ್ಚಿದ್ರು. ಸ್ಕೂಲು ಮುಚ್ಚಿದ್ರು. ಬ್ಯಾಂಕೂ ಹೋಯ್ತು. ನಿನ್ನ ಅಂಗಡಿ ಮುಚ್ಚೋದಾದ್ರೆ ಮುಚ್ಲಿ, ಅದು ನನ್ನ ದೆಸೆಯಿಂದ ಆಗೋದು ಬೇಡ ಅನ್ನಿಸ್ತು."

ಇನ್ನೆರಡು ದಿನ ಕಳೆದಿದ್ದರೆ ನಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಎಂದರು ಆಸ್ಪತ್ರೆಯವರು. ಮೂರು ವಾರ ಇಟ್ಟುಕೊಂಡರು.

ಅದೇ ಸಂಜೆ ಮೆನ್ನಾ ಕಿಟಕಿಯ ಹಾಳೆಯನ್ನು ಉಗುರಿನಿಂದ ಕೆರೆದು ತೆಗೆದಳು. ಗೋಂದಿನ ಕಲೆ ಗಾಜಿನ ಮೇಲೆ ಈಗಲೂ ಇದೆ. ಒಂಬತ್ತು ಚೀಟಿಗಳನ್ನು ಕಟ್ಟಿ ಕಳಿಸಿದಳು, ಒಂಬತ್ತಕ್ಕೆ ವಿಶೇಷ ದರ ಬಂತು. ಉಳಿದ ಎಂಬತ್ತರ ವಿಶೇಷ ದರ ಬಸ್ಸಿನಾಚೆಯ ದೊಡ್ಡ ಅಂಗಡಿಯ ಪಾಲಾಯಿತು. ನಮ್ಮೂರಿನ ಪ್ರೀತಿಯನ್ನೆಲ್ಲ ಬಿಸ್ಕತ್ ಡಬ್ಬಿಯಲ್ಲಿ ತುಂಬಿ, ಅದರ ಅಗತ್ಯವೇ ಇಲ್ಲದವರ ಬಾಗಿಲಿಗೆ ನಾವೇ ಹೊತ್ತುಹಾಕಿದ್ದೆವು. ಇದನ್ನು ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಓಲ್ವೆನ್ ಅಂತೂ ಒಂದು ವಾರ ಯಾರಿಗೂ ಮುಖ ತೋರಿಸಲಿಲ್ಲ.

ಆಮೇಲೆ ಬಂದಳು, ಡಬ್ಬಿ ತುಂಬ ಚೀಟಿ ಹೊತ್ತುಕೊಂಡು. ಕೌಂಟರಿನ ಮೇಲೆ ಸುರಿದು, "ಎಲ್ರೂ ವಾಪಸ್ಸು" ಎಂದಳು. "ಇನ್ಮೇಲೆ ನಿನ್ನ ನಷ್ಟ ನೀನೇ ತಿನ್ನು, ನಮ್ಮ ಮಾತ್ರೆ ನಾವು ತಿಂತೀವಿ." ನವೆಂಬರಿಗೆ ವಿಶೇಷ ದರ ಇರಲಿಲ್ಲ. ಡಿಸೆಂಬರಿಗೂ ಬರುವ ಸೂಚನೆ ಇರಲಿಲ್ಲ. ಅರ್ಜಿಗೆ 'ನಿಮ್ಮ ಕಾಳಜಿಯನ್ನು ಗಮನಿಸಲಾಗಿದೆ' ಎಂಬ ಒಂದು ಸಾಲು ಬಂತು. ಮೆನ್ನಾ ತೊಂಬತ್ತು ಡಬ್ಬಗಳನ್ನೂ ಎಣಿಸಿ ಕೊಟ್ಟಳು. ಅಪ್ಪ ಕಟ್ಟಿಸಿದ ಮನೆಯನ್ನು ಸ್ವಾನ್ಸೀ ಕಡೆಯ ಒಂದು ಸಂಸಾರಕ್ಕೆ ಬಾಡಿಗೆಗೆ ಕೊಟ್ಟು, ಅಂಗಡಿಯ ಮೇಲೆ ರಟ್ಟಿನ ಪೆಟ್ಟಿಗೆ ಒಟ್ಟಿದ್ದ ಎರಡು ಕೋಣೆ ಖಾಲಿ ಮಾಡಿಸಿ ಅಲ್ಲಿಗೆ ಮಂಚ ಸಾಗಿಸಿದಳು. ಆ ಬಾಡಿಗೆ ಬಂದು ಅಂಗಡಿಯ ತೂತು ಮುಚ್ಚಬೇಕು. ಕ್ರಿಸ್‌ಮಸ್‌ಗೆ ಎಳೆಯಬೇಕಿದ್ದ ಬಾಗಿಲು ಹೀಗೆ ತೆರೆದೇ ಉಳಿಯಿತು.

ಕ್ರಿಸ್‌ಮಸ್ಸಿಗೆ ನಾಲ್ಕು ದಿನವಿರುವಾಗ ಇಡ್ವಾಲ್ ಕೋಲೂರಿಕೊಂಡು ತಾನೇ ಇಳಿದು ಬಂದ. ಅಂಗಡಿಯಲ್ಲಿ ಐದಾರು ಜನ, ಅವರ ನಡುವೆ ಓಲ್ವೆನ್. ಮೆನ್ನಾ ಡಬ್ಬವನ್ನು ಕೌಂಟರಿನ ಮೇಲಿಟ್ಟಳು. ಅವನು ಕೈ ಮುಂದೆ ಮಾಡಲಿಲ್ಲ.

"ಮೊದ್ಲು ಹೇಳು. ಈ ಡಬ್ಬಕ್ಕೆ ನಿಂಗೆ ಎಷ್ಟು ಹೋಗುತ್ತೆ?"

ಹೋಗುತ್ತಿದ್ದದ್ದು ಮೂರು ಪೌಂಡಿಗೆ ಸ್ವಲ್ಪ ಕಡಿಮೆ. ಅಂಗಡಿಯಲ್ಲಿದ್ದ ಎಲ್ಲರಿಗೂ ಅದು ಗೊತ್ತಿತ್ತು. ಓಲ್ವೆನ್ ನೆಲ ನೋಡಿದಳು.

ಮೆನ್ನಾ ಕನ್ನಡಕ ತೆಗೆದು ಅವನ ಕಣ್ಣಿಗೆ ಕಣ್ಣಿಟ್ಟಳು. "ಏನೂ ಹೋಗಲ್ಲ ಮಾಮ. ಸರ್ಕಾರದವ್ರು ಸರಿ ಮಾಡಿದಾರೆ. ಈಗ ಇದ್ರಲ್ಲಿ ನಂಗೆ ಲಾಭ."

"ನಿಜವಾ? ಈ ಕೌಂಟರಲ್ಲಿ ಸುಳ್ಳು ಹೇಳ್ಬಾರ್ದು ಅಂತಿದ್ದ ನಿಮ್ಮಪ್ಪ."

"ನಂಗೆ ಗೊತ್ತಿಲ್ವಾ? ಮೂವತ್ತೆಂಟು ವರ್ಷದಲ್ಲಿ ಒಂದಾದ್ರೂ ಹೇಳಿದೀನಾ?"

ಇಡ್ವಾಲ್ ಅವಳ ಮುಖವನ್ನು ಒಂದು ಗಳಿಗೆ ನೋಡಿದ. ಆಮೇಲೆ ಡಬ್ಬವನ್ನು ಎತ್ತಿ ಕೋಟಿನ ಒಳಜೇಬಿಗೆ ಇಳಿಸಿದ.

"ಹಂಗಾದ್ರೆ ದಿನಾ ತಿಂತೀನಿ ಬಿಡು," ಎಂದ. "ನಿನ್ನ ವ್ಯಾಪಾರ ನಡೀಲಿ."