ನಾಯಿಗೂ ಸೋಮವಾರದ ಒಪ್ಪತ್ತು

ರಾಯಚೂರಿನ ನಮ್ಮ ಮನೆಯ ಪಕ್ಕಕ್ಕೆ ಹೋದ ತಿಂಗಳು ಹೊಸಬರು ಬಂದಿದ್ದಾರೆ. ಅವರ ಬಳಿ ಕರುವಿನಷ್ಟು ಎತ್ತರದ ಒಂದು ನಾಯಿ ಇದೆ. ಬೆಳಗಾದರೆ ಸಾಕು, ಅದಕ್ಕಾಗಿ ತತ್ತಿ ಬೇಯಿಸುವ ವಾಸನೆ ನಮ್ಮ ದೇವರ ಕೋಣೆಯವರೆಗೂ ಬರುತ್ತದೆ. ಮೊದಲ ದಿನ ಮೂಗು ಮುಚ್ಚಿಕೊಂಡು ಕಿಟಕಿ ಹಾಕಿದೆ. ಎರಡನೆಯ ದಿನ ಹಾಕಲು ಕೈ ಬರಲಿಲ್ಲ. ಮಾನ್ವಿಯ ನಮ್ಮ ಅಕ್ಕಿ ಗಿರಣಿಯಲ್ಲಿ ಕೂಲಿಗೆ ನುಚ್ಚು ಕೇರುತ್ತಿದ್ದ, ಎಲ್ಲರೂ ಯವ್ವ ಎಂದೇ ಕರೆಯುತ್ತಿದ್ದ ಮುದುಕಿ ನೆನಪಾಗಿ ಅಲ್ಲೇ ನಿಂತುಬಿಟ್ಟೆ...

ನಾನು ಮಾನ್ವಿಯ ಆ ಗಿರಣಿ ಮನೆಗೆ ಸೊಸೆಯಾಗಿ ಹೋಗಿ ವರ್ಷವೂ ತುಂಬಿರಲಿಲ್ಲ. ನನ್ನ ಗಂಡ ಹೈದರಾಬಾದಿನಿಂದ ಗ್ರೇಟ್ ಡೇನ್ ಎಂಬ ದೊಡ್ಡ ಜಾತಿಯ ನಾಯಿಮರಿ ತಂದರು. ಗಿರಣಿಯ ಗೇಟಿಗೊಂದು ಗತ್ತು ಬೇಕಲ್ಲ! ರಾಜಾ ಎಂದು ಹೆಸರಿಟ್ಟರು. ಉಣಿಸುವುದು ನನ್ನ ಕೆಲಸ, ಏನು ಉಣಿಸಬೇಕೆಂದು ಹೇಳುವುದು ಅತ್ತೆಯ ಕೆಲಸ. ಲಿಂಗ ಕಟ್ಟಿದವರ ಮನೆಯ ಅನ್ನ ಉಂಡಮೇಲೆ ಅದೂ ಮನೆಯ ಮಗನೇ ಎಂಬುದು ಅವರ ಮಾತು. ಹಣೆಗೆ ವಿಭೂತಿ, ಬೆಳಿಗ್ಗೆ ಹಾಲನ್ನ, ಮಧ್ಯಾಹ್ನ ನುಚ್ಚಿಗೆ ತುಪ್ಪ, ಸಂಜೆಗೆ ಮಜ್ಜಿಗೆ ಅನ್ನ. ಸೋಮವಾರ ಅತ್ತೆಗೆ ಒಪ್ಪತ್ತು, ಆದ್ದರಿಂದ ರಾಜಾನಿಗೂ ಒಪ್ಪತ್ತು. ಬಂದವರೆಲ್ಲ "ಎಂಥಾ ಪುಣ್ಯದ ನಾಯಿರೀ!" ಎಂದು ಹೊಗಳುವರು. ನನಗೂ ಹೆಮ್ಮೆಯೇ ಆಗುತ್ತಿತ್ತು, ಸುಳ್ಳೇಕೆ ಹೇಳಲಿ.

ಐದನೆಯ ತಿಂಗಳಿಗೆ ಅದರ ಹೊಟ್ಟೆ ಜೋತುಬಿತ್ತು, ಮುಂಗಾಲುಗಳು ಬಾಗಿದವು. ಮೊದಲು ಗಮನಿಸಿದವಳು ಯವ್ವ. ಮಲ್ಲಟ ಎಂಬ ಊರಿನ ಕುರಿ ಕಾಯುವ ಮನೆತನದವಳು, ನಾಯಿಗಳ ನಡುವೆಯೇ ಬೆಳೆದವಳು. ಮೊರ ಕೆಳಗಿಟ್ಟು, ರಾಜಾನ ಕಾಲು ಒತ್ತಿ ನೋಡಿ, ಸಿಟ್ಟಿನಿಂದಲೇ ಅಂದಳು: "ಅಕ್ಕಾರ, ಇದರ ಹೊಟ್ಟಿ ತುಂಬೇದ. ಕಾಲು ಉಪಾಸ ಅದಾವ."

ದನದ ದವಾಖಾನೆಯ ಡಾಕ್ಟರೂ ಅದನ್ನೇ ಹೇಳಿದರು. ದೊಡ್ಡ ಜಾತಿಯ ಮರಿ ಬರೀ ಅನ್ನ ತಿಂದರೆ ಮೈ ಬರುತ್ತದೆ, ಎಲುಬಿಗೆ ಬಲ ಬರುವುದಿಲ್ಲ. ತತ್ತಿ, ಮಾಂಸ ಬೇಕು, ಇಲ್ಲವೇ ಅಂಥ ಮರಿಗಳಿಗೆಂದೇ ಮಾಡಿದ ತಿನಿಸು ಬೇಕು. ತುಪ್ಪ ಬಿಡಿ, ಅಳೆದು ಹಾಕಿ, ಒಪ್ಪತ್ತಂತೂ ಬೇಡವೇ ಬೇಡ ಎಂದರು. ತಿನಿಸಿನ ಚೀಲದ ಮೇಲೆ ಕೋಳಿಯ ಚಿತ್ರವಿತ್ತು. ಅತ್ತೆ ಅದನ್ನು ಗೇಟಿನ ಒಳಗೇ ಬಿಡಲಿಲ್ಲ. "ಹಾಲಿಗಿಂತ ದೊಡ್ಡ ಶಕ್ತಿ ಯಾವುದದ? ನಮ್ಮ ಮನ್ಯಾಗ ಯಾರ ಕಾಲು ಸೊಟ್ಟ ಆಗ್ಯಾವ?" ಎಂದರು. ನನ್ನ ಗಂಡ ತಾಯಿಯ ಮಾತಿನಂತೆ ಚೀಲವನ್ನು ಅಂಗಡಿಗೆ ಮರಳಿಸಿ ಬಂದರು.

ಆಗ ನಾನೇ ಯವ್ವನ ಕೈ ಹಿಡಿದೆ. "ದಿನಾ ಎರಡು ತತ್ತಿ ಕುದಿಸಿ ತಾ ಯವ್ವಾ, ಯಾರಿಗೂ ಹೇಳಬ್ಯಾಡ" ಎಂದೆ. ಹೌದು, ನಾನೇ. ಅವಳು ತನ್ನ ಮನೆಯ ಕೋಳಿಗಳ ತತ್ತಿಯನ್ನು ಉಡಿಯಲ್ಲಿ ಕಟ್ಟಿಕೊಂಡು ಬಂದು, ಹೊಟ್ಟಿನ ರಾಶಿಯ ಹಿಂದೆ ಕೂತು ತಿನ್ನಿಸುತ್ತಿದ್ದಳು. ತುಪ್ಪವನ್ನು ನಾನು ಮೆಲ್ಲಗೆ ಕಡಿಮೆ ಮಾಡಿದೆ. ಎರಡು ತಿಂಗಳಲ್ಲಿ ರಾಜಾ ಕಾಲೂರಿ ನಿಲ್ಲತೊಡಗಿತು. ಅತ್ತೆ ಅದನ್ನು ಹಾಲಿನ ಮಹಿಮೆ ಎಂದು ಓಣಿಗೆಲ್ಲ ಹೇಳಿಕೊಂಡು ಬಂದರು.

ಒಂದು ಸೋಮವಾರ ಅತ್ತೆ ಲಿಂಗಪೂಜೆ ಮುಗಿಸಿ ಹೊರಬರುವುದಕ್ಕೂ, ರಾಜಾ ಬಾಯಲ್ಲಿ ಅರ್ಧ ತತ್ತಿ ಹಿಡಿದು ಮೆಟ್ಟಿಲೇರುವುದಕ್ಕೂ ಸರಿಹೋಯಿತು. ಕೇರುವ ಹೆಂಗಸರನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿದರು. "ಯಾರು ಹಾಕಿದ್ರಬೇ ಇದನ್ನ?"

ಯವ್ವ ನನ್ನ ಕಡೆ ನೋಡಿದಳು, ಒಂದೇ ಸಲ. ನಾನು ಸೆರಗು ಸರಿಮಾಡಿಕೊಂಡೆ.

"ನಾನ ಹಾಕೀನ್ರಿ ದೊಡ್ಡವ್ವಾರ. ಯಾರೂ ಹೇಳಿಲ್ಲ. ಮೂಕ ಜೀವ, ನೋಡಾಕ ಆಗಲಿಲ್ಲ."

ಮನೆ ಮೈಲಿಗೆ ಮಾಡಿದಳೆಂದು ನಿಂತ ನಿಲುವಿನಲ್ಲೇ ಕೆಲಸ ಬಿಡಿಸಿದರು. ಅವಳ ಹಿಂದೆ ಗೇಟಿನವರೆಗೂ ಹೋದ ರಾಜಾನನ್ನು ಕೊರಳಪಟ್ಟಿ ಹಿಡಿದು ಎಳೆದು ತಂದವಳೂ ನಾನೇ, ಬಚ್ಚಲಲ್ಲಿ ನೀರು ಸುರಿದು ವಿಭೂತಿ ಹಚ್ಚಿದವಳೂ ನಾನೇ. ನನ್ನ ಬಾಯಿಗೇನು ಲಕ್ವ ಹೊಡೆದಿತ್ತೇ? ಹೊಸ ಸೊಸೆ, ಭಯವಿತ್ತು, ನಿಜ. ಆದರೆ ಹೇಡಿತನಕ್ಕೆ ಭಯ ಎಂದು ಹೆಸರಿಟ್ಟರೆ ಅದೇನು ಬೇರೆ ಆಗುತ್ತದೆಯೇ?

ಮರುದಿನದಿಂದ ಮತ್ತೆ ಹಾಲನ್ನ ಕಲಸಿದೆ. ಬಟ್ಟಲ ಮುಂದೆ ನಿಂತು ರಾಜಾ ಹೊಟ್ಟಿನ ರಾಶಿಯ ಕಡೆಗೇ ನೋಡುತ್ತಿತ್ತು... ದೀಪಾವಳಿಗೆ ಹಿಂಗಾಲುಗಳೂ ಹೋದವು. ಮಲಗಿದಲ್ಲೇ ಬಾಲ ಬಡಿಯುತ್ತಿತ್ತು, ಏಳಲಾಗುತ್ತಿರಲಿಲ್ಲ. ಸಂಕ್ರಾಂತಿಗೆ ಮೊದಲೇ ಸತ್ತಿತು.

ಹೋದ ವಾರ ಬಸ್ಸು ಹತ್ತಿ ಮಲ್ಲಟಕ್ಕೆ ಹೋದೆ. ಇಷ್ಟು ವರ್ಷ ಯಾಕೆ ಹೋಗಲಿಲ್ಲ ಎಂದರೆ, ಮುಖವಿರಲಿಲ್ಲ. ಯವ್ವ ತೀರಿಕೊಂಡು ಮೂರು ವರ್ಷವಾಯಿತಂತೆ. ಅವಳ ಸೊಸೆ ಚಾಪೆ ಹಾಸಿ ಕೂರಿಸಿದಳು. ನಾನು ಯಾರೆಂದು ಹೇಳಿದೊಡನೆ ಅವಳ ಮುಖ ಅರಳಿತು.

"ನೀವೇನ್ರಿ ಗಿರಣಿ ಅಕ್ಕಾರ? ನಮ್ಮತ್ತಿ ಭಾಳ ನೆನಸ್ತಿದ್ಳು. 'ನಿನ್ನ ಹೆಸರು ಯಾಕ ಹೇಳಿಕೊಂಡಿ' ಅಂತ ನಾವು ಬೈದ್ರ, 'ಅಕ್ಕಾರ ಹೆಸರು ಹೇಳಿದ್ರ ನಾಯಿಗಿ ಉಣಸವರ‍್ಯಾರು? ಅಕ್ಕಾರ ಒಳಗ ಉಳದ್ರ ಹೆಂಗರ ಮಾಡಿ ತತ್ತಿ ಹಾಕ್ತಾರ' ಅಂತಿದ್ಳು. ಆ ನಾಯಿ ಆಮ್ಯಾಲ ಓಡಾಡ್ತೇನ್ರಿ?"

ಹೂಂ ಎಂದೆ.

ಅವಳು ಒಳಗೆ ತಿರುಗಿ ಗಂಡನಿಗೆ ಕೂಗಿ ಹೇಳಿದಳು: "ಕೇಳಿದ್ರೇನು? ಯವ್ವನ ನಾಯಿ ಓಡಾಡ್ತಂತ!"