ಒಂಬತ್ತು ಮರದ ಕಾಡು

ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಆಮೇಲೆ ಕಾಟನ್‌ಪೇಟೆಯ ಒಂದು ಮೋಟರ್ ವೈಂಡಿಂಗ್ ಅಂಗಡಿಗೆ ಸೇರಿದೆ. ಈಗಲೂ ಅದೇ ಕೆಲಸ. ಅಕ್ಕ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಚಾಮರಾಜಪೇಟೆಯ ಮನೆಯಲ್ಲಿ ಇರುವುದು ನಾವಿಬ್ಬರೇ. ಮಹಡಿಯ ಮೇಲೆ ಅವಳ ಗಿಡಗಳು.

ಎಂಟು ವರ್ಷದ ಹಿಂದೆ ಅವಳು ಊಟಿಯ ನರ್ಸರಿಯಿಂದ ಜಪಾನಿನ ಮೇಪಲ್ ಸಸಿಗಳನ್ನು ತಂದಳು. ಮಗುವಿನ ಅಂಗೈ ಬಿಡಿಸಿಟ್ಟ ಹಾಗೆ ಎಲೆ. ಬೋನ್ಸಾಯ್ ಬೆಳೆಸುವ ಅವಳ ಬಸವನಗುಡಿಯ ಗೆಳತಿಯರು, ಇದು ನಮ್ಮೂರಿಗೆ ಒಗ್ಗುವುದಿಲ್ಲ, ಬೇಸಿಗೆಗೆ ಸುಟ್ಟುಹೋಗುತ್ತದೆ ಎಂದಿದ್ದರು. ಹದಿನೈದರಲ್ಲಿ ಒಂಬತ್ತು ಉಳಿದವು. ಆ ಒಂಬತ್ತನ್ನೂ ಎರಡು ಬೆರಳಷ್ಟೇ ಆಳವಿರುವ ಅಗಲವಾದ ಕಲ್ಲಿನ ತಟ್ಟೆಯಲ್ಲಿ ಒಟ್ಟಿಗೆ ನೆಟ್ಟಳು. ಎತ್ತರದ ಮರ ನಡುವೆ ಇರಬಾರದು, ಸ್ವಲ್ಪ ಪಕ್ಕಕ್ಕಿರಬೇಕು. ಯಾವ ಮೂರು ಮರವೂ ಒಂದೇ ಸಾಲಿನಲ್ಲಿ ನಿಲ್ಲಬಾರದು. ಸಣ್ಣವು ಹಿಂದೆ, ದೂರದಲ್ಲಿರುವ ಹಾಗೆ ಕಾಣಲಿ ಅಂತ. ಬುಡಕ್ಕೆಲ್ಲ ಪಾಚಿ ಹಾಸಿದಳು. ಕುಕ್ಕರಗಾಲಲ್ಲಿ ಕೂತು ತಟ್ಟೆಯ ಮಟ್ಟಕ್ಕೆ ಕಣ್ಣಿಟ್ಟು ನೋಡಿದರೆ, ಒಳಗೆ ನಡೆದು ಹೋಗಬಹುದು ಎನ್ನಿಸುತ್ತಿತ್ತು.

ಆ ಕಾಡಿನಲ್ಲಿ ನನ್ನ ಪಾಲೂ ಇತ್ತು. ಕೊಂಬೆಗಳನ್ನು ಬಗ್ಗಿಸಲು ಸುತ್ತುವ ತಾಮ್ರದ ತಂತಿ ಅಂಗಡಿಯಿಂದ ನಾನೇ ತರುತ್ತಿದ್ದೆ. ಹಳೆ ಮೋಟರಿನಿಂದ ಬಿಚ್ಚಿದ್ದು. ಬೆಂಕಿಯಲ್ಲಿ ಕಾಯಿಸಿ ಮೆದು ಮಾಡಿ ಕೊಡುತ್ತಿದ್ದೆ. ನಮ್ಮ ಮಾಲೀಕರು ಪ್ರತಿ ಸಲ ಕೇಳುವರು: "ಏನಯ್ಯಾ, ನಿಮ್ಮಕ್ಕನ ಗಿಡ ಎಷ್ಟು ಎಚ್‌ಪಿ? ತಿರುಗ್ತಾ?" ತಂತಿ ಸುತ್ತುವುದರಲ್ಲಿ ಅಕ್ಕನಿಗೆ ಕಲಿಸುವಂಥದ್ದೇನೂ ನನ್ನಲ್ಲಿರಲಿಲ್ಲ, ಆದರೂ ನಾನು ಸುತ್ತಿದ್ದೇ ಸಮನಾಗಿದೆ ಎನ್ನುತ್ತಿದ್ದಳು. ತೆಗೆಯುವಾಗ ಮಾತ್ರ ಬಿಚ್ಚಲು ಬಿಡುತ್ತಿರಲಿಲ್ಲ. ಬಿಚ್ಚಿದರೆ ತೊಗಟೆ ಸುಲಿಯುತ್ತದೆ, ಒಂದೊಂದೇ ಸುತ್ತು ಕತ್ತರಿಸಿ ತೆಗೆಯಬೇಕು ಎಂದು ಕಟರ್ ಕೈಗೆ ಕೊಡುತ್ತಿದ್ದಳು.

ಮೇಪಲ್ಲಿಗೆ ಚಳಿಗಾಲದ ನಿದ್ದೆ ಬೇಕು. ಬೆಂಗಳೂರಿನ ಚಳಿ ಅದಕ್ಕೆ ಸಾಲದು. ಅದಕ್ಕೆ ಡಿಸೆಂಬರಿನಲ್ಲಿ ಅಕ್ಕ ಉಳಿದ ಎಲೆಗಳನ್ನು ತಾನೇ ಒಂದೊಂದಾಗಿ ಕಿತ್ತುಬಿಡುತ್ತಿದ್ದಳು. ಫೆಬ್ರವರಿಯಲ್ಲಿ ಹೊಸ ಎಲೆ ಕೆಂಪಾಗಿ ಒಡೆಯುವುದು. ವರ್ಷವಿಡೀ ಅವಳು ಕಾಯುತ್ತಿದ್ದುದು ಆ ಎರಡು ವಾರಕ್ಕೆ.

ಹೋದ ವರ್ಷ ಎಲೆ ಕಿತ್ತ ಮರುವಾರವೇ ಅವಳ ಮಂಡಿಯ ಆಪರೇಷನ್ ಆಯಿತು. ಆರು ವಾರ ಮೆಟ್ಟಿಲು ಹತ್ತುವ ಹಾಗಿರಲಿಲ್ಲ. ನೀರು ಹಾಕುವುದು ನನ್ನ ಕೆಲಸವಾಯಿತು. ಆಸ್ಪತ್ರೆಯ ಮಂಚದ ಮೇಲೆಯೇ ಹೇಳಿದ್ದಳು: "ಎಲೆ ಇಲ್ಲ ಅಂತ ಬಿಟ್ಬಿಡ್ಬೇಡ ಕಣೋ. ತಟ್ಟೇಲಿ ಮಣ್ಣು ಜಾಸ್ತಿ ಇಲ್ಲ, ಬೇಗ ಒಣಗುತ್ತೆ. ದಿನಾ ಹಾಕು."

ಮೊದಲ ವಾರ ದಿನಾ ಹಾಕಿದೆ. ಆಮೇಲೆ ದಿನ ಬಿಟ್ಟು ದಿನ. ಸಂಕ್ರಾಂತಿಯ ಹೊತ್ತಿಗೆ ಅಂಗಡಿಯಲ್ಲಿ ಕೆಲಸ ಹೆಚ್ಚಾಯಿತು. ಬರಿ ಕಡ್ಡಿಗಳಿಗೆ ನೀರು ಹಾಕುವುದು ನನಗೆ ತಮಾಷೆಯಾಗಿಯೂ ಕಾಣುತ್ತಿತ್ತು. ಕಾರಣ ಹುಡುಕಿದರೆ ಇನ್ನೂ ಸಿಕ್ಕಾವು. ನಿಜ ಹೇಳುವುದಾದರೆ ಸೋಮಾರಿತನ. ಇಪ್ಪತ್ತೆರಡು ಮೆಟ್ಟಿಲು, ಅಷ್ಟೆ. ಎರಡು ವಾರ ಹತ್ತಲಿಲ್ಲ.

ಅವಳು ಪ್ರತಿ ಸಂಜೆ ಕೇಳುತ್ತಿದ್ದಳು, ನೀರು ಹಾಕಿದೆಯಾ ಎಂದು. ಹಾಕಿದೆ ಅಕ್ಕ ಎನ್ನುತ್ತಿದ್ದೆ. ಚಿಕ್ಕವನಿದ್ದಾಗ ಸ್ಕೂಲಿಗೆ ಹೋಗದೆ ವೈಂಡಿಂಗ್ ಅಂಗಡಿಯ ಮುಂದೆ ಕೂತು ಬಂದು, ಹೋಗಿದ್ದೆ ಅಕ್ಕ ಎನ್ನುತ್ತಿದ್ದೆನಲ್ಲ, ಅದೇ ದನಿ. ಆಗ ಅವಳಿಗೆ ನನ್ನ ಕೈಗೆ ಅಂಟಿದ ಮೋಟರ್ ವಾರ್ನಿಶ್ ವಾಸನೆಯಿಂದಲೇ ಗೊತ್ತಾಗುತ್ತಿತ್ತು. ಈ ಸಲ ಅವಳು ಮಂಚ ಬಿಟ್ಟು ಏಳುವಂತಿರಲಿಲ್ಲ. ನಂಬಿದಳು.

ಡಾಕ್ಟರು ಇನ್ನೊಂದು ವಾರಕ್ಕೆ ಮೆಟ್ಟಿಲು ಹತ್ತಬಹುದು ಎಂದ ದಿನ ನಾನು ಮೇಲೆ ಓಡಿದೆ. ಪಾಚಿ ಕಂದಾಗಿ ಹಪ್ಪಳದಂತೆ ಎದ್ದಿತ್ತು. ದೊಡ್ಡ ಮರದ ತೊಗಟೆಯನ್ನು ಉಗುರಿನಿಂದ ಕೆರೆದೆ. ಜೀವವಿದ್ದರೆ ಒಳಗೆ ಹಸಿರು ಕಾಣಬೇಕು. ಅದು ಅಕ್ಕನೇ ಹೇಳಿಕೊಟ್ಟಿದ್ದು. ಕಂದು ಪುಡಿ ಉದುರಿತು. ಒಂಬತ್ತನ್ನೂ ಕೆರೆದೆ. ಹಿಂದಿನ ಸಣ್ಣ ಮೂರರಲ್ಲಿ ಮಾತ್ರ ಹಸಿರಿತ್ತು.

ಆ ವಾರ ಬೆಳಿಗ್ಗೆ ಸಂಜೆ ನೀರು ಹಾಕಿದೆ. ಪಾಚಿ ವಿಚಿತ್ರದ್ದು, ಒಣಗಿದ್ದರೂ ನೀರು ಬಿದ್ದರೆ ಮತ್ತೆ ಹಸಿರಾಗುತ್ತದೆ. ಅಕ್ಕ ಗೋಡೆ ಹಿಡಿದು ಮೇಲೆ ಬಂದಾಗ ತಟ್ಟೆ ಹಚ್ಚಗಿತ್ತು. ಎಲೆ ಉದುರಿದ ಮರಕ್ಕೂ ಸತ್ತ ಮರಕ್ಕೂ ನೋಟದಲ್ಲಿ ವ್ಯತ್ಯಾಸವಿಲ್ಲ. "ಪರವಾಗಿಲ್ವೋ, ಚೆನ್ನಾಗೇ ನೋಡ್ಕೊಂಡಿದೀಯ" ಎಂದಳು. ನಾನು ಅವಳಿಗೆ ಕೂರಲು ಸ್ಟೂಲ್ ತಂದೆ.

ಹಿಂದಿನ ಮೂರು ಚಿಗುರಿದವು. ಉಳಿದ ಆರಕ್ಕಾಗಿ ಅವಳು ದಿನಾ ಬೆಳಿಗ್ಗೆ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದಳು. ಮನೆಯಲ್ಲಿ ದೊಡ್ಡವರು ಏಳುವುದೇ ಕೊನೆಗೆ ಎಂದು ನಗುತ್ತಿದ್ದಳು. ತಟ್ಟೆಯನ್ನು ಬಿಸಿಲಿಗೆ ತಿರುಗಿಸಿಡು ಎನ್ನುವಳು, ತಿರುಗಿಸುತ್ತಿದ್ದೆ. ನೆರಳಿಗೆ ಹಸಿರು ನೆಟ್ ಇನ್ನೊಂದು ಪದರ ಕಟ್ಟು ಎನ್ನುವಳು, ಕಟ್ಟುತ್ತಿದ್ದೆ. ಶಿವರಾತ್ರಿ ಹೋಯಿತು. ಆರು ವಾರ ನಾನು ಅವಳಿಗೆ ಅಲ್ಲಿಗೇ ಕಾಫಿ ಕೊಟ್ಟು, ಏನೂ ಹೇಳದೆ ಇಳಿದು ಬರುತ್ತಿದ್ದೆ.

ಯುಗಾದಿಗೆ ಎರಡು ದಿನವಿರುವಾಗ ಕಾಫಿ ಹಿಡಿದು ಹತ್ತುತ್ತಿದ್ದೆ. ಅವಳು ಮೇಲೆ ಫೋನಿನಲ್ಲಿ ಯಾರೋ ಗೆಳತಿಗೆ ಹೇಳುತ್ತಿದ್ದಳು: "ನಂದೇ ತಪ್ಪು ಕಣ್ರೀ. ಆಪರೇಷನ್ ಅಂತ ಅವಸರ ಮಾಡಿ ಎಲ್ಲಾ ಎಲೆ ಒಟ್ಟಿಗೆ ಕಿತ್ಬಿಟ್ಟೆ. ನಾನೇ ಕೊಂದೆ."

ಫೋನ್ ಇಟ್ಟ ಮೇಲೆ ಹೋಗಿ ಲೋಟ ಕೆಳಗಿಟ್ಟೆ.

"ಎಲೆ ಕಿತ್ತಿದ್ದಕ್ಕಲ್ಲ ಅಕ್ಕ. ನಾನು ನೀರು ಹಾಕ್ಲಿಲ್ಲ."

"ಎಷ್ಟು ದಿನ?"

"ಎರಡು ವಾರ."

ಅವಳು ಮರಗಳನ್ನೇ ನೋಡುತ್ತಿದ್ದಳು. "ಸತ್ತಿದ್ದು ನಿಂಗೆ ಯಾವಾಗ ಗೊತ್ತಾಯ್ತು?"

ಇವತ್ತು ಎಂದುಬಿಡಬಹುದಿತ್ತು. ಬಾಯಿಗೆ ಬಂದಿತ್ತು ಕೂಡ.

"ನೀನು ಮೇಲೆ ಹತ್ತೋಕ್ಕಿಂತ ಮುಂಚೆ."

ಕಾಫಿ ಆರಿಹೋಯಿತು. ಬೈಯಲಿ ಎಂದು ಕಾದೆ.

"ನಾನಿಲ್ಲಿ ದಿನಾ ಕೂತಿರ್ತಿದ್ದೆ" ಎಂದಳು. "ನೀನು ಕಾಫಿ ತಂದ್ಕೊಡ್ತಿದ್ದೆ."

ಅಷ್ಟೇ ಹೇಳಿದ್ದು. ಮರಗಳು ಸತ್ತದ್ದಕ್ಕೆ ಒಂದು ಮಾತೂ ಆಡಲಿಲ್ಲ.

ಹಬ್ಬ ಕಳೆದ ಮೇಲೆ, ಸತ್ತ ಆರರಿಂದ ತಂತಿ ತೆಗೆಯಲು ಕರೆದಳು. ಅಭ್ಯಾಸಬಲದಿಂದ ಕಟರಿಗೆ ಕೈ ಹಾಕಿದೆ.

"ಬೇಡ. ಬಿಚ್ಚೇ ತೆಗಿ. ಇನ್ನೇನು ತೊಗಟೆ."

ಬಿಚ್ಚಿದೆ. ನಾನೇ ಕಾಯಿಸಿದ ತಂತಿ, ನಾನೇ ಸುತ್ತಿದ ಸುತ್ತು. ತಂತಿ ಹೋದರೂ ಕೊಂಬೆಗಳು ಅವಳು ಬಗ್ಗಿಸಿದ ಹಾಗೆಯೇ ನಿಂತಿದ್ದವು. ಉಳಿದ ಮೂರನ್ನು ಚಿಕ್ಕ ತಟ್ಟೆಗೆ ಬದಲಾಯಿಸಿದಳು. ಮೂರು ಮರಕ್ಕೆ ಕಾಡು ಅನ್ನುತ್ತಾರಾ ಎಂದು ನಾನು ಕೇಳಲಿಲ್ಲ.

ಈ ಡಿಸೆಂಬರಿನಲ್ಲಿ ಮೂರಕ್ಕೂ ಎಲೆ ಕಿತ್ತಿದ್ದಾಳೆ. ನೀರು ಹಾಕುವ ಕೆಲಸ ನನಗೇ ಕೊಟ್ಟಳು. ಬೇರೆ ಯಾರಿಗಾದರೂ ಹೇಳುತ್ತಾಳೆ ಎಂದುಕೊಂಡಿದ್ದೆ. ಬೆಳಿಗ್ಗೆ ಅಂಗಡಿಗೆ ಹೊರಡುವ ಮುಂಚೆ ಹಾಕಿ ಇಳಿಯುತ್ತೇನೆ. ಹಾಕಿದೆಯಾ ಎಂದು ಅವಳು ಈಗ ಕೇಳುವುದಿಲ್ಲ. ನಾನು ಚಪ್ಪಲಿ ಮೆಟ್ಟಿ ಗೇಟು ದಾಟುವ ಹೊತ್ತಿಗೆ, ಗೋಡೆ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲಿಟ್ಟು, ಮಣ್ಣಿಗೆ ಬೆರಳಿಟ್ಟು ನೋಡಲು ಹತ್ತುತ್ತಾಳೆ. ಇಪ್ಪತ್ತೆರಡು ಮೆಟ್ಟಿಲು. ನಾನು ಗೇಟಿನ ಹೊರಗೆ ನಿಂತು, ಅವಳು ಇಳಿದು ಬಂದ ಸದ್ದು ಕೇಳಿದ ಮೇಲೆ ಹೊರಡುತ್ತೇನೆ.